ಒಂಬತ್ತು ದಿನ ತಡ

ಸೊಕ್ಕೆ
೧೨-೩-೧೯೪೧

ತಂಗಿ ಶಂಕ್ರಮ್ಮನಿಗೆ,

ಇಲ್ಲಿ ಕ್ಷೇಮ ಎಂದು ಬರೆಯಲಾರೆ. ಈ ಯುಗಾದಿಗೆ ನನಗೆ ಹಸಿರು ಬಳೆ ಕಳಿಸಬೇಡ.

ಮಗ ಹಾಲಪ್ಪ ಮೊದಲು ನನ್ನ ಅಡುಗೆ ನಾರುತ್ತದೆ ಎಂದು ತಟ್ಟೆ ತಳ್ಳಿದ. ಆಮೇಲೆ ಮೂರು ದಿನ ಗೋಡೆಗೆ ಕಿವಿಯಿಟ್ಟು ಕೂತ. ಹೋದ ಶುಕ್ರವಾರ ಅವರಪ್ಪ ಉಣ್ಣುತ್ತಿದ್ದಾಗ ಕೊಡಲಿ ಹಿಡಿದು ಹಿಂದಿನಿಂದ ಬಂದ.

ಅವನನ್ನು ನೋಡಿದ ಡಾಕ್ಟರು, "ಇದು ಸಿಟ್ಟಲ್ಲಮ್ಮ, ಮಿದುಳಿನ ರೋಗ. ಹುಟ್ಟಿನಿಂದ್ಲೇ ಬಂದೈತೆ. ಇವನ ಜೋಡಿ ಹುಟ್ಟಿದೋನು ಎಲ್ಲಿದಾನೆ?" ಎಂದರು. ಕೊಟ್ರೇಶನನ್ನು ಹಸುಗೂಸಾಗಿದ್ದಾಗಲೇ ನಿನ್ನ ಮಡಿಲಿಗೆ ಹಾಕಿದೆ, ಇಪ್ಪತ್ತೆರಡು ವರ್ಷ ನೀನೇ ಸಾಕಿದ್ದೀಯ, ಅವನು ಹೀಗಲ್ಲ ಎಂದೆ.

"ಯಾರ ಮನೆ ಅನ್ನ ಉಂಡ್ರೂ ಮಿದುಳು ಅದೇ ಅಲ್ಲೇನಮ್ಮ?"

ಹಾಲಪ್ಪನಿಗೆ ಹಲ್ಲು ಬಂದ ಒಂಬತ್ತನೆಯ ದಿನಕ್ಕೆ ಕೊಟ್ರೇಶನಿಗೂ ಬಂತು, ದಡಾರವೂ ಹಾಗೆಯೇ ಎಂದು ನೀನೇ ನಗುತ್ತಿದ್ದೆ. ಶುಕ್ರವಾರ ಕಳೆದು ಐದು ದಿನವಾಯಿತು. ಬಸವಾಪಟ್ಟಣಕ್ಕೆ ಟಪಾಲು ಮೂರು ದಿನ. ನಿನಗೆ ಉಳಿಯುವುದು ಒಂದೇ ದಿನ. ಅವನು ನಿನ್ನ ಅಡುಗೆ ಉಣ್ಣುತ್ತಿದ್ದಾನೆಯೇ, ನೋಡು.

ನಿನಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವನು ಕೊಟ್ರೇಶ. ಅದಕ್ಕೇ ಇದನ್ನು ಶಾಲೆಯ ಮಾಸ್ತರರ ಹೆಸರಿಗೆ ಹಾಕಿದ್ದೇನೆ. ಅವರೂ ವಾಡಿಕೆಯಂತೆ ಅವನ ಕೈಗೇ ಕೊಟ್ಟಿದ್ದರೆ ಮುಂದಿನ ಮಾತು ಅವನಿಗೆ.

ಕೊಟ್ರೇಶ, ಮಗನೇ, ಒಂದಕ್ಷರ ಬಿಡದೆ ಅವ್ವನಿಗೆ ಓದಿ ಹೇಳು. ಆಮೇಲೆ ಮನೆಯ ಕೊಡಲಿಯನ್ನು ನೀನೇ ಬಾವಿಗೆ ಹಾಕು. ಹಾಲಪ್ಪನಿಗೆ ಮೊದಲೇ ಹೇಳುವವರು ಯಾರೂ ಇರಲಿಲ್ಲ.

ನಿನ್ನನ್ನೂ ಹೆತ್ತ,
ಶಿವಗಂಗಮ್ಮ