ದೊಡ್ಡಮ್ಮನ ಪೀಪಾಯಿಗೆ ನನ್ನ ಮೆಣಸಿನಕಾಯಿ

ಹದಿನಾಲ್ಕನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮೂಸುಬುರುಕಿಗೆ,

ತುತ್ತು ಬಾಯಿಗಿಡುವ ಮೊದಲು ತಟ್ಟೆ ಮೂಸುತ್ತಿದ್ದ ಹುಡುಗಿಗೆ ನಾನಿಟ್ಟ ಹೆಸರಿದು. ಈಗ ಮೂಸುವುದೇ ನಿನ್ನ ಉದ್ಯೋಗವಾಗಿದೆ. ಹೆಸರು ಇಟ್ಟವಳು ನಾನು ಎಂಬುದನ್ನು ನೆನಪಿಸೋಣವೆಂದು ಹಾಗೆ ಕರೆದೆ. ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ.

ನಿನ್ನ ಪತ್ರ ಗುರುವಾರ ಬಂತು. ಪ್ರೆಸ್ಸಿಗೆ ಹೊರಟಿದ್ದವಳು ಮೆಟ್ಟಿಲ ಮೇಲೇ ಕೂತು ಓದಿದೆ. ಮೆಣಸಿನಕಾಯಿ ಬಿಯರಿನ ಎರಡನೇ ಕುದಿ ಕೆಟ್ಟಿತು, ಬಾಯಿಗಿಟ್ಟವರೆಲ್ಲ ಕೆಮ್ಮಿದರು, ಇಡೀ ಪೀಪಾಯಿಯನ್ನು ಮೋರಿಗೆ ಸುರಿದೆವು ಎಂದು ಬರೆದಿದ್ದೀಯ. ಅದೇ ಮಾಲ್ಟು, ಅದೇ ಯೀಸ್ಟು, ನಮ್ಮ ಟೆರೇಸಿನ ಅದೇ ಇನ್ನೂರು ಮೆಣಸಿನಕಾಯಿ, ನೆನೆಹಾಕಿದ್ದೂ ಅದೇ ಆರು ದಿನ. ಮೊದಲನೆಯದು ಅಷ್ಟು ಚೆನ್ನಾಗಿ ಬಂದು ಇದೇಕೆ ಹೀಗಾಯಿತೆಂದು ನಿಮ್ಮ ಬಿಯರು ಕಾರ್ಖಾನೆಯ ಯಜಮಾನಿಗೂ ಹೊಳೆಯುತ್ತಿಲ್ಲವಂತೆ. ಮೂರನೇ ಕುದಿ ಮೊದಲನೆಯದರಂತೆ ಬಂದರೆ ಅದು ನಿನ್ನ ಬಿಯರೆಂದೇ ಅಲ್ಲಿ ಕಾಯಂ ಆಗುತ್ತದೆ. ಬರದಿದ್ದರೆ ನೀನು ಮತ್ತೆ ಪೀಪಾಯಿ ತೊಳೆಯುವ ಕೆಲಸಕ್ಕೆ. ಕೊನೆಗೆ ಕಾಗದದ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಸಾಕಾಗಿದೆ ಅಮ್ಮ, ಮನೆಗೆ ಬಂದುಬಿಡ್ಲಾ?"

ಆ ಸಾಲನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ.

ಪ್ರೂಫ್ ನೋಡುವವಳಿಗೆ ಒಂದು ಕೆಟ್ಟ ಅಭ್ಯಾಸ. ಮಗಳ ಪತ್ರದಲ್ಲೂ ಕಣ್ಣು ಪದಗಳಿಗೆ ತಗಲಿಕೊಳ್ಳುತ್ತದೆ. ನೀನು ಅಲ್ಲಿಗೆ ಸೇರಿದಾಗ ನಿಮ್ಮ ಯಜಮಾನಿ 'ಮೇಡಂ' ಆಗಿದ್ದರು. ಚಳಿಗಾಲದ ಹೊತ್ತಿಗೆ 'ಅಕ್ಕ' ಆದರು. ಈ ಪತ್ರದಲ್ಲಿ ನೋಡಿದರೆ 'ದೊಡ್ಡಮ್ಮ'. "ದೊಡ್ಡಮ್ಮ ನನಗಿಂತ ಜಾಸ್ತಿ ಬೇಜಾರು ಮಾಡಿಕೊಂಡಿದ್ದಾರೆ", "ದೊಡ್ಡಮ್ಮ ಅವರ ಸ್ವೆಟರನ್ನೇ ಕೊಟ್ಟುಬಿಟ್ಟರು" ಎಂದೆಲ್ಲ ಬರೆದಿದ್ದೀಯ. ನಿನ್ನಜ್ಜಿಗೆ ನಾನೊಬ್ಬಳೇ ಮಗಳು. ನನಗೇ ಇಲ್ಲದ ಅಕ್ಕ ನಿನಗೆ ದೊಡ್ಡಮ್ಮನಾಗಿ ಎಲ್ಲಿಂದ ಉದುರಿದಳು? ನಿಮ್ಮಪ್ಪನ ಮುಂದೆ ಇದನ್ನು ಎತ್ತಿದ್ದಕ್ಕೆ, "ಇನ್ನೊಂದು ವರ್ಷ ತಡಿಯೇ, ಪ್ರಮೋಷನ್ ಸಿಕ್ಕಿ ಅಜ್ಜಿ ಆಗ್ತಾರೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಊಟದ ಬಿಡುವಿನಲ್ಲಿ ಕವಿತೆ ಓದುವ ನನ್ನ ಹುಚ್ಚು ನಿನಗೆ ಗೊತ್ತಲ್ಲ. ಈ ವಾರ, ಸುಮ್ಮನೆ ಕುತೂಹಲಕ್ಕೆ, ಹೊಟ್ಟೆಕಿಚ್ಚಿನ ಕವಿತೆಗಳನ್ನು ಹುಡುಕಿದೆ. ಪ್ರೇಮಿಗಳ ಹೊಟ್ಟೆಕಿಚ್ಚಿಗೆ ಕಪಾಟಿನ ತುಂಬ ಇವೆ. ತಾಯಂದಿರದಕ್ಕೆ ಒಂದೂ ಸಿಗಲಿಲ್ಲ. ಅವರಿಗೆ ಅದು ಬರುವುದೇ ಇಲ್ಲವೋ, ಬಂದವರು ಬರೆಯಲಿಲ್ಲವೋ.

ಮೊದಲ ಕುದಿಯ ಪೀಪಾಯಿ ತೆರೆದ ದಿನ ನಾವಿಬ್ಬರೂ ಬಂದಿದ್ದೆವು. ಅವತ್ತು ನಾನು ಮುಖ ಗಂಟು ಹಾಕಿಕೊಂಡಿದ್ದೆ ಎಂದು ಆಮೇಲೆ ನೀನು ಫೋನಿನಲ್ಲಿ ದೂರಿದೆ. ನನಗೆ ಎಲ್ಲ ನೆನಪಿದೆ. ಒದ್ದೆ ಸಿಮೆಂಟಿನ ನೆಲ, ಬೆಂದ ಧಾನ್ಯದ ಬಿಸಿ ವಾಸನೆ, ಮೊಳೆಗೆ ತೂಗಿದ ರಬ್ಬರು ಏಪ್ರನ್ನುಗಳು. ನಿಮ್ಮ ಯಜಮಾನಿ ಮೊಣಕಾಲುದ್ದದ ಬೂಟು ತಟತಟ ಸದ್ದು ಮಾಡುತ್ತ ಬಂದು ನನ್ನ ಕೈ ಕುಲುಕಿದರು. ನನ್ನದೇ ವಯಸ್ಸು. ತೋಳು ಮಾತ್ರ ನನ್ನೆರಡು ತೋಳು ಸೇರಿದಷ್ಟು. ನೀವಿಬ್ಬರೂ ಒಂದೇ ಲೋಟದಿಂದ ಒಂದೊಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟುತ್ತ ಎಣಿಸಿದಿರಿ. ಒಂದು, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಗಂಟಲಲ್ಲಿ ಖಾರ ಹತ್ತಬೇಕು, ಅದಕ್ಕೂ ಮೊದಲೇ ಹತ್ತಿದರೆ ಬಿಯರಿನ ರುಚಿ ಸತ್ತಂತೆ ಎಂದು ನೀನು ನಿಮ್ಮಪ್ಪನಿಗೆ ವಿವರಿಸಿದೆ.

ನನಗೆ ಆಗಲೇ ಬೇರೇನೋ ಹತ್ತಿತ್ತು. ನಿನಗೆ ನಾಲ್ಕು ವರ್ಷವಿದ್ದಾಗ ಟೆರೇಸಿನ ಗಿಡದಿಂದ ಕಾಯಿ ಕಿತ್ತು ಕಚ್ಚಿ ಮನೆ ಹಾರಿಹೋಗುವಂತೆ ಚೀರಿದ್ದೆ. ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಬೆರಳ ಗೆಣ್ಣುಗಳ ಮೇಲೆ ಹತ್ತರವರೆಗೆ ಎಣಿಸಿದವಳು ನಾನು. ಹತ್ತಕ್ಕೆ ಖಾರ ಇಳಿಯುತ್ತದೆ ಎಂದು ನಂಬಿಸಿದ್ದೆ. ಆಮೇಲೂ ಪ್ರತಿ ಸಲ ನೀನು ನಂಬುತ್ತಿದ್ದೆ, ಅದಕ್ಕೇ ಇಳಿಯುತ್ತಿತ್ತು. ಆ ಎಣಿಕೆಯನ್ನು ಅವತ್ತು ಬೇರೆಯವರ ಬೆರಳ ಮೇಲೆ ಕಂಡೆ.

ಆಮೇಲೆ ಅವರು ನನ್ನ ಕಡೆ ತಿರುಗಿ, "ಅಕ್ಕಾ, ನಿಮ್ಮ ಮೆಣಸಿನಕಾಯಿ ಬೆಂಕಿ ಬೆಂಕಿ ಅಂತ ಇವಳು ನನ್ನ ಹೆದರಿಸಿಟ್ಟಿದ್ಲು. ಇದು ನೋಡಿದ್ರೆ ಹೊಡೆಯೋದೇ ಇಲ್ಲ, ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ್ಕೊಳ್ಳುತ್ತೆ" ಎಂದರು. ನಿಮ್ಮಪ್ಪ ಸುಮ್ಮನಿರಬೇಕಲ್ಲ, "ನಮ್ಮ ಮನೇಲಿ ಹಾಗೆ ಮೆಲ್ಲಗೆ ಕೂರೋದು ಏನೂ ಇಲ್ವಲ್ಲ ಮೇಡಂ" ಎಂದು ನನ್ನತ್ತ ನೋಡಿದರು. ಎಲ್ಲರೂ ನಕ್ಕರು. ಆಕೆ ನಿನ್ನ ಹೆಗಲು ಬಳಸಿ, "ಇವಳು ನನ್ನ ಹುಡುಗಿ!" ಎಂದು ಕೂಗಿ ಲೋಟ ಎತ್ತಿದರು. ನೀನು ತಿದ್ದಲಿಲ್ಲ. ನಾನು ದಿನವಿಡೀ ಊರವರ ತಪ್ಪು ತಿದ್ದುವವಳು, ನಾನೂ ತಿದ್ದಲಿಲ್ಲ.

ನಾನು ಕುಡಿಯುವವಳಲ್ಲ, ಆದರೂ ಅವತ್ತು ಒಂದು ಗುಟುಕು ಕುಡಿದೆ. ಹೇಗಿದೆ ಎಂದು ನೀನು ಕೇಳಿದಾಗ ಏನೂ ಗೊತ್ತಾಗಲಿಲ್ಲ ಎಂದೆ. ಅದು ಸುಳ್ಳು. ಮೊದಲು ಸುಟ್ಟ ಬ್ರೆಡ್ಡಿನ ಅಂಚಿನಂಥ ಕಹಿ, ಆಮೇಲೆ ತಂಪು, ಆ ತಂಪು ಹೊರಟು ನಿಂತಾಗ ಬಾಗಿಲಲ್ಲಿ ನನ್ನ ಟೆರೇಸಿನ ಬಿಸಿಲು. ಅಷ್ಟು ಚೆನ್ನಾಗಿತ್ತು. ಅದಕ್ಕೇ ಹೇಳಲಾಗಲಿಲ್ಲ.

ಪ್ರೆಸ್ಸಿನಲ್ಲಿ ನನ್ನೆದುರಿನ ಮೇಜು ಇನ್ನೂ ಖಾಲಿ. ನಿನಗೆಂದು ಕೇಳಿ ಇಡಿಸಿದ್ದು ನೆನಪಿದೆಯಲ್ಲ? ಮೇಲ್ವಿಚಾರಕರು ವಾರಕ್ಕೊಮ್ಮೆ, "ಏನಮ್ಮ, ಮಗಳು ಯಾವಾಗ ಬರೋದು, ಕುರ್ಚಿ ಆಕಳಿಸ್ತಾ ಇದೆ" ಎಂದು ಕೆಣಕುತ್ತಾರೆ. ಬಂದುಬಿಡು ಎಂದು ಬರೆಯಲೆಂದೇ ಶುಕ್ರವಾರ ಕೂತೆ. ಬರೆದೂ ಬರೆದೆ. ನಿನ್ನೆ ಆ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ, ದಾರಿಯಲ್ಲಿ ಅಂಚೆಗೆ ಹಾಕೋಣವೆಂದು. ಹಾಕಲಿಲ್ಲ. ಏಳನೇ ತರಗತಿಯ ಭೂಗೋಳದ ಪ್ರೂಫು ಮುಂದಿತ್ತು. ತಲೆ ಎತ್ತಿದಾಗಲೆಲ್ಲ ಎದುರಿನ ಕುರ್ಚಿಯಲ್ಲಿ ನೀನು ಕೂತಂತೆ ಕಲ್ಪಿಸಿಕೊಂಡೆ. ಬೆನ್ನು ಬಾಗಿಸಿ, ಕೆಂಪು ಪೆನ್ನು ಹಿಡಿದು, ನನ್ನಂತೆಯೇ. ಸಂಜೆಯವರೆಗೂ ಕೂತಿದ್ದೆ ನೀನು ಅಲ್ಲಿ. ಒಮ್ಮೆಯೂ ಏನನ್ನೂ ಮೂಸಲಿಲ್ಲ.

ಮನೆಗೆ ಬಂದು ಆ ಪತ್ರ ಹರಿದೆ. ಈಗ ಬರೆಯುವುದನ್ನು ಗಮನವಿಟ್ಟು ಓದು.

ತಪ್ಪು ಮಾಲ್ಟಿನದಲ್ಲ, ಪೀಪಾಯಿಯದಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಎರಡೂ ಸಲ ಕಾಯಿ ಕಿತ್ತದ್ದು ನನ್ನ ಅದೇ ಒಂಬತ್ತು ಕುಂಡಗಳಿಂದ. ಆದರೆ ಮೊದಲ ಸಲ ಕೀಳುವುದಕ್ಕೆ ಮುಂಚೆ ಮೂರು ವಾರ ಟೆರೇಸಿನ ಪೈಪು ಸೋರುತ್ತಿತ್ತು. ಗಿಡಗಳ ಬೇರು ಸದಾ ನೀರಿನಲ್ಲಿ. ಬಾಯಾರಿದ ಗಿಡ ಕಾಯಿಗೆ ಖಾರ ತುಂಬುತ್ತದೆ, ನೀರು ಕುಡಿದು ತೇಗಿದ ಗಿಡ ತುಂಬುವುದಿಲ್ಲ. ಕಾಯಿ ಊದಿಕೊಂಡವು, ಖಾರ ಇಳಿಯಿತು, ಘಮ ಮಾತ್ರ ಉಳಿಯಿತು. ನಿಮ್ಮ ಬಿಯರಿಗೆ ಬೇಕಾಗಿದ್ದುದು ಅದೇ ಎಂದು ಯಾರಿಗೆ ಗೊತ್ತಿತ್ತು? ಆಮೇಲೆ ಪೈಪು ಸರಿಯಾಯಿತು, ಎರಡನೇ ಸಲ ಗಿಡಗಳು ತಮ್ಮ ನಿಜವಾದ ಖಾರವನ್ನು ಕೊಟ್ಟವು. ಅಷ್ಟೇ ವಿಷಯ.

ಆದ್ದರಿಂದ ಈಗಲೇ ಏನನ್ನೂ ಕುದಿಸಬೇಡಿ. ಮೂರು ವಾರ ಕಾಯಿರಿ. ಆಗ ದಿನಾ ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್ ನೀರು ಹೋಗಿತ್ತು. ಈಗಲೂ ಅಷ್ಟನ್ನೇ ಹಾಕಿ, ಇನ್ನೂರು ಕಾಯಿ ಕಿತ್ತು, ತೊಟ್ಟಿನ ಸಮೇತ ಕಳಿಸುತ್ತೇನೆ. ಆರು ದಿನಕ್ಕಿಂತ ಹೆಚ್ಚು ನೆನೆಯಲು ಬಿಡಬೇಡ.

ಪೈಪಿನ ವಿಷಯ ನಿಮ್ಮಪ್ಪನನ್ನು ಕೇಳಬೇಡ. ಅವರಿಗೆ ಇಂಥವೆಲ್ಲ ನೆನಪಿರುವುದಿಲ್ಲ.

ಬೂಟಿನೊಳಗೆ ಒದ್ದೆ ಕಾಲುಚೀಲ ಹಾಕಿಕೊಳ್ಳಬೇಡ. ಸ್ವೆಟರು ಬೇಕಿದ್ದರೆ ನನ್ನನ್ನು ಕೇಳು.

ಇಂತು, ನಿನಗಿರುವ ಒಬ್ಬಳೇ,
ಅಮ್ಮ

ತಾ.ಕ.: ಕವರು ಅಂಟಿಸುವ ಮೊದಲು ಅಭ್ಯಾಸಬಲದಿಂದ ಒಮ್ಮೆ ತಪ್ಪು ನೋಡಿದೆ. ಒಂದು ಸಿಕ್ಕಿತು. ಸೋರುವ ಪೈಪು ಬಕೆಟ್ ಎಣಿಸುವುದಿಲ್ಲ.

ಪೈಪು ಸೋರಿರಲಿಲ್ಲ. ನೀನು ಕೇಳಿದ ಮೇಲೆ ಕಾಯಿ ಕೊಡುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಯಜಮಾನಿಯ ಪೀಪಾಯಿಗೆ ನನ್ನ ಖಾರ ಕೊಡಲು ಮನಸ್ಸೂ ಬರಲಿಲ್ಲ. ಸಪ್ಪೆ ಕಾಯಿ ಕಂಡು ಅವರು ಮೂಗು ಮುರಿಯಲಿ, ನಿನಗೆ ಅವಮಾನವಾಗಲಿ, ನೀನು ಮನೆಗೆ ಬಾ ಎಂದು ಬಕೆಟ್ ಹೊತ್ತೆ. ಅದು ನಿಮಗೆ ವರವಾಯಿತು. ಅದಕ್ಕೇ ಎರಡನೇ ಸಲ, ಖಾರ ಏರಿ ಕುದಿ ಕೆಡಲೆಂದು, ಹನ್ನೆರಡು ದಿನ ಗಿಡಗಳಿಗೆ ಹನಿ ನೀರು ಮುಟ್ಟಿಸಲಿಲ್ಲ. ಎಲೆ ಜೋತುಬಿದ್ದದ್ದನ್ನು ಕಂಡು ನಿಮ್ಮಪ್ಪ ಕೇಳಿದಾಗ, ಅವಕ್ಕೂ ವಯಸ್ಸಾಯಿತು ಎಂದೆ.

ಇವತ್ತು ಬೆಳಗಿನ ಎರಡು ಬಕೆಟ್ ಹಾಕಿದ್ದೇನೆ. ಈ ಪತ್ರವನ್ನು ಬೇಕಿದ್ದರೆ ಅವರಿಗೂ ಓದಿ ಹೇಳು, ಸಿಟ್ಟು ಮಾಡಿಕೊಳ್ಳುವ ಹಕ್ಕು ಅವರಿಗೂ ಇದೆ. ನನ್ನದು ಒಂದೇ ಕೋರಿಕೆ. ಅಲ್ಲಿ ಐದರವರೆಗೆ ಎಷ್ಟು ಬೇಕಾದರೂ ಎಣಿಸಿಕೊಳ್ಳಿ. ಆರರಿಂದ ಹತ್ತನ್ನು ಮಾತ್ರ ಅವರಿಗೆ ಕಲಿಸಬೇಡ.