ನೀರು ಸೋಸುವ ಅರಿವೆಯ ದೀಪ

ಬೆಲ್ಲದ ಬಾಗೇವಾಡಿ
6 ಜೂನ್ 2003, ಶುಕ್ರವಾರ. ಮುಂಜಾನೆ

ನೀರು ಸೋಸಿದ್ದಾಯಿತು. ಅರಿವೆಯನ್ನು ಬಾವಿಗೇ ಹಿಂಡಿ ಬಂದೆ. ಅದರಲ್ಲಿ ಸಿಕ್ಕ ಜೀವಗಳು ಬಂದಲ್ಲಿಗೇ ಹೋಗಲಿ.

ಕಣ್ಣಲ್ಲಿ ಚುಕ್ಕಿಗಳು ಇವತ್ತೂ ಇವೆ. ಬಿಳಿ ಗೋಡೆ ನೋಡಿದರೆ ಸಾಕು, ಸುತ್ತತೊಡಗುತ್ತವೆ. ಗೋಕಾಕದ ಕಣ್ಣಿನ ಡಾಕ್ಟರ್ ಹೋದ ವಾರ ನಕ್ಕುಬಿಟ್ಟರು. "ಕಣ್ಣಾಗ ಕಸಾ ತೇಲಾಕತ್ತೈತಿ, ಆಯಿ. ವಯಸ್ಸಿಗಿ ಬರೂದ. ಅಂಜಬ್ಯಾಡ್ರಿ."

ಅಂಜಿಕೆ ಕಸಕ್ಕಲ್ಲ. ಅದು ತಿರುಗುವ ರೀತಿಗೆ. ಹಿಂದೊಮ್ಮೆ ಕಂಡದ್ದು.

ಪುಣೆಯಿಂದ ಶುಭಾಂಗಿಯ ಪತ್ರ ಬಂದಿದೆ. ನನ್ನ ತಮ್ಮ ಧನ್ಯಕುಮಾರನ ಮಗಳು. ಧನ್ಯಾ ಹೋಗಿ ಎರಡು ವರ್ಷ. ಬೆಳಕು ತಿರುಗಿಸುವ ಯಂತ್ರ ಮಾಡಿ ಮಾಡಿಯೇ ದೊಡ್ಡ ಹೆಸರು ಗಳಿಸಿದ. ಅವನು ಮಾಡಿದ್ದೆಲ್ಲವನ್ನೂ ಒಂದೆಡೆ ಸೇರಿಸಿ ಅಲ್ಲಿಯ ಮ್ಯೂಸಿಯಂನವರು ಪ್ರದರ್ಶನ ಇಡುತ್ತಾರಂತೆ. ಬರಲೇಬೇಕಂತೆ.

ಉತ್ತರದ ಕಚ್ಚಾ ಇಲ್ಲೇ ಬರೆಯುತ್ತೇನೆ, ಯಾವಾಗಿನಂತೆ—

ಚಿ. ಶುಭಾಂಗಿಗೆ ಲಕ್ಷ್ಮೀಬಾಯಿ ಅತ್ತೆಯ ಆಶೀರ್ವಾದ. ಬರುತ್ತೇನೆ. ನನ್ನ ಊಟ ಹೊತ್ತು ಮುಳುಗುವುದರೊಳಗೆ ಆಗಬೇಕು, ಮರೆಯಬೇಡ. ಗಡ್ಡೆ ತಿನ್ನುವುದಿಲ್ಲ, ಬಟಾಟೆ ಮಾಡಿ ಕೂಡಬೇಡ. ನಿನ್ನ ಅಪ್ಪನ ಮೊದಲ ದೀಪದ ಬಗ್ಗೆ ಕೇಳಿದ್ದೀ. ಅದು...

ಕೊನೆಯ ಎರಡು ಸಾಲು ಬಿಟ್ಟು ಉಳಿದದ್ದನ್ನು ಕಳಿಸಿದೆ.

ಪುಣೆ
14 ಜೂನ್, ಶನಿವಾರ. ಸಂಜೆ 5

ನೋಡಿ ಬಂದೆ. ಕಾಲಿಗೆ ಇನ್ನೂ ನೆಲ ಸಿಕ್ಕಿಲ್ಲ.

ಕೋಣೆಯಿಂದ ಕೋಣೆಗೆ ಕತ್ತಲು. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ತಗಡು, ಗಾಜು, ಸಣ್ಣ ಮೋಟಾರುಗಳ ಗುಂಯ್ ಸದ್ದು. ಒಂದು ಕಡೆ ಸೈಕಲ್ ಚಕ್ರದಷ್ಟು ದೊಡ್ಡ ತೂತಿನ ತಟ್ಟೆ. ಇನ್ನೊಂದು ಕಡೆ ಕೂದಲಿನಂಥ ತಂತಿಯಿಂದ ತೂಗಿದ ನೂರಾರು ಕರಿ ಮಣಿ. ನಡುವೆ ಬಲ್ಬು. ಜನ ವಾಹ್ ಎನ್ನುತ್ತಿದ್ದರು. ನಾನು ಗೋಡೆ ಮಾತ್ರ ನೋಡಿದೆ. ಎಲ್ಲ ಕೋಣೆಯಲ್ಲೂ ಅದೇ—ಕರಿ ಚುಕ್ಕಿಗಳು ಬೆಳಕಿನ ಸುತ್ತ ತಿರುಗುತ್ತವೆ, ಹತ್ತಿರ ಬರುತ್ತವೆ, ಇನ್ನೇನು ಬಿದ್ದವು ಎನ್ನುವಾಗ ದೂರ ಸರಿಯುತ್ತವೆ. ನಲವತ್ತು ವರ್ಷ ಇದೊಂದನ್ನೇ ಮಾಡಿದನೇ ಧನ್ಯಾ?

ಕಣ್ಣು ಮುಚ್ಚಿದೆ. ಆಗಲೂ ತಿರುಗುತ್ತಿದ್ದವು.

ಕೊನೆಯ ಕೋಣೆಯಲ್ಲಿ ಒಂದು ಕಟ್ಟಿಗೆಯ ಪೀಠ. ಮೇಲಿನಿಂದ ಬೆಳಕು ಬಿಟ್ಟಿದ್ದಾರೆ. ಪೀಠ ಖಾಲಿ. ಕಾರ್ಡನ್ನು ಶುಭಾಂಗಿ ಓದಿ ಹೇಳಿದಳು: ಮೊದಲ ದೀಪ. ಮೂಡಲಗಿ, 1959. ಕಲಾವಿದರ ತಂದೆ ಒಡೆದು ಹಾಕಿದರು.

"ಪುಸ್ತಕದಾಗೂ ಹಿಂಗ ಬರತೈತಿ, ಆತ್ಯಾ. ಮುಂದಿನ ತಿಂಗಳ ಪ್ರೆಸ್ಸಿಗಿ ಹೋಗತೈತಿ. ಕಣ್ಣಿಲೆ ಕಂಡಾಕಿ ಅಂದ್ರ ನೀ ಒಬ್ಬಾಕೀನ ಉಳದೀದಿ. ಎರಡ ಸಾಲ ಬರದ ಕೊಡ."

ಖಾಲಿ ಪೀಠದ ಕಡೆ ತಿರುಗಿದೆ.

"ಹದಿನೈದ ವರ್ಷದ ಹುಡುಗ ಮಾಡಿದ್ದನ್ನ ಒಡ್ಯಾಕ ಮನಸರ ಹೆಂಗ ಬಂತ? ಅಜ್ಜ ಖರೇನ ಕಟುಕ ಇದ್ದ, ಹೌದಲ್ಲ?"

ಇರುವೆ ದಾಟಲಿ ಎಂದು ಹಾದಿಯಲ್ಲಿ ನಿಂತುಬಿಡುತ್ತಿದ್ದವರು ನಮ್ಮ ಅಪ್ಪ. ಕಟುಕ. ನಾನು "ಹೂಂ" ಎಂದೆ.

ಹೂಂ ಎಂದೆ.

ಬಾಗೇವಾಡಿ
17 ಜೂನ್, ಮಂಗಳವಾರ

ಇದನ್ನು ಎಲ್ಲಿಯೂ ಬರೆದಿಲ್ಲ. ಇಲ್ಲಿ ಬರೆಯುತ್ತೇನೆ.

ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ಮೂಡಲಗಿಯ ತವರಿಗೆ ಬಂದವಳು ನಾನು. ಸಾಲಿ ಕಂಡಿರಲಿಲ್ಲ. ಧನ್ಯಾ ತನ್ನ ಪಾಟಿಯ ಮೇಲೆ ಅಕ್ಷರ ತಿದ್ದಿಸಿದ. "ಅಕ್ಕಾ, ನಿನ್ನ ಹ ಅಂದ್ರ ಹೊಟ್ಟಿ ಬಂದ ಮುದಕ ಕುಂತಂಗ ಕಾಣತೈತಿ" ಎಂದು ನಗುತ್ತಿದ್ದ.

ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ದೀಪ ಹಚ್ಚುತ್ತಿರಲಿಲ್ಲ. ಹುಳಗಳು ಬಂದು ಬಿದ್ದು ಸಾಯುತ್ತವೆಂದು. ಆಗಲೂ ಹೀಗೆಯೇ ಜೂನ್, ಮಳೆಹುಳದ ಕಾಲ. ಮುಸ್ಸಂಜೆಗೆ ಕಾಳಿನ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು. ಇಣುಕಿದೆ. ಧನ್ಯಾ ಚಿಮಣಿ ಹಚ್ಚಿ, ಸುತ್ತ ಬಿಳಿ ಅರಿವೆಯ ಗೂಡು ಇಟ್ಟಿದ್ದ. ನೆತ್ತಿಯಲ್ಲಿ ತಗಡಿನ ರೆಕ್ಕೆ. ಬಿಸಿಗೆ ಗೂಡು ತಾನಾಗಿ ತಿರುಗುತ್ತಿತ್ತು. ಗೋಡೆಯ ತುಂಬ ಹುಳಗಳ ನೆರಳು. ಅರಿವೆಗೆ ಕರ್ರಗೆ ಅಂಟಿಕೊಂಡ ನೂರಾರು ಹುಳ. ಅವನು ನಗುತ್ತಿದ್ದ.

ಅಪ್ಪನ ಮುಂದೆ ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಪಾಟಿಯ ಮೇಲೆ ಬರೆದು ಅವರ ಮಣೆಯ ಹತ್ತಿರ ಇಟ್ಟೆ. ನಾನಾಗಿ ಬರೆದ ಮೊದಲ ವಾಕ್ಯ: ಧನ್ಯಾ ದೀಪದಲ್ಲಿ ಹುಳ ಸುಡುತ್ತಾನೆ.

ಅಪ್ಪ ಓದಿದರು. ಅಂಗೈಯಿಂದ ಒರೆಸಿದರು. ಕೋಣೆಗೆ ಹೋಗಿ ದೀಪ ಆರಿಸಿದರು. "ಅಪ್ಪಾ, ನೋಡ್ರಿ, ಅವು—" ಎಂದ ಧನ್ಯಾ. "ಬಾಯಿ ಮುಚ್ಚ!" ಕೆನ್ನೆಗೆ ಹೊಡೆದದ್ದು ಕೇಳಿಸಿತು. ಗೂಡನ್ನು ಅಪ್ಪನೂ ಮುಟ್ಟಲಿಲ್ಲ. ತಿಪ್ಪೆಗೆ ಹಾಕೆಂದು ನನಗೆ ಹೇಳಿದರು, ಒಡೆದು ಹಾಕಿದೆನೆಂದು ಅವನಿಗೆ. ತಿಪ್ಪೆಗೆ ಹಾಕಿದರೆ ಸತ್ತ ಜೀವಗಳನ್ನು ಕೋಳಿ ಕುಕ್ಕುತ್ತವಲ್ಲ. ಕಣ್ಣು ಮುಚ್ಚಿಕೊಂಡೇ ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿಗಿಟ್ಟೆ.

ಮರುದಿನ ಮುಂಜಾನೆ ಧನ್ಯಾ ಇರಲಿಲ್ಲ. ಅಪ್ಪ ತೀರಿಕೊಂಡಾಗಲೂ ಬರಲಿಲ್ಲ. ಹೇಳಿದ್ದು ಯಾರೆಂದು ಅಪ್ಪ ಯಾರಿಗೂ ಹೇಳಲಿಲ್ಲ. ಸಾಯುವಾಗಲೂ.

ಟ್ರಂಕು ನನ್ನ ಜೊತೆ ಈ ಮನೆಗೂ ಬಂದಿದೆ. ಅಟ್ಟದ ಮೇಲಿದೆ. ತೆರೆದಿಲ್ಲ.

29 ಜೂನ್, ಭಾನುವಾರ. ಮಧ್ಯಾಹ್ನ 3

ಹನ್ನೆರಡು ದಿನ ಒಂದಕ್ಷರ ಬರೆದಿಲ್ಲ. ಚುಕ್ಕಿ ಕಾಣದಿರಲೆಂದು ಅಡುಗೆಮನೆಯ ಗೋಡೆಗೆ ಬೆನ್ನು ಮಾಡಿ ಉಂಡೆ.

ನಿನ್ನೆ ಶೆಟ್ಟೆಪ್ಪನ ಅಂಗಡಿಗೆ ಶುಭಾಂಗಿಯ ಫೋನು. ಬುಧವಾರ ಬರುತ್ತಾಳಂತೆ, ಎರಡು ಸಾಲು ಒಯ್ಯಲು. ಇವತ್ತು ಬಾಜೂ ಮನೆಯ ಬಾಳವ್ವನನ್ನು ಕರೆದು ಟ್ರಂಕು ಇಳಿಸಿಕೊಂಡೆ.

"ಏನ್ರಿ ಬಾಯಾರ, ಬಂಗಾರ ಹುಗಿಸಿಟ್ಟೀರೇನ? ನಮಗೊಂದ ಬೋರಮಾಳ ಸರ ಕೊಡ್ರಿ ಮತ್ತ!"

"ಹೆಣ ಅದಾವ, ಬಾಳವ್ವ."

"ಅಯ್ಯ, ಹಗಲಾಗ ಎಂಥಾ ಮಾತ ಆಡ್ತೀರಿ!" ಬೈದುಕೊಂಡೇ ಹೋದಳು.

ಸೀರೆ ಬಿಚ್ಚಿದೆ. ನಲವತ್ತನಾಲ್ಕು ವರ್ಷಕ್ಕೆ ಹುಳ ಪುಡಿಯಾಗಿ ಉದುರಬೇಕಿತ್ತು. ಒಂದೂ ಉದುರಿರಲಿಲ್ಲ. ಬೆರಳಿಟ್ಟೆ. ಗಟ್ಟಿ. ಉಗುರಿನಿಂದ ಮೀಟಿದೆ.

ದಾರ.

ಕರಿ ದಾರದ ಗಂಟುಗಳು. ಎಲ್ಲವೂ. ಕೈಯಲ್ಲಿ ಹಾಕಿದ್ದು, ಒಂದೊಂದಕ್ಕೂ ರೆಕ್ಕೆಯಂತೆ ಎರಡು ಎಳೆ ಬಿಟ್ಟು. ಅರಿವೆ ನಮ್ಮ ನೀರು ಸೋಸುವ ಅರಿವೆ, ಎರಡು ಮಡಿಕೆ. ನೆತ್ತಿಯ ತಗಡಿನ ರೆಕ್ಕೆಯ ಸಂದಿಗೂ ಅದನ್ನೇ ಹೊಲಿದಿದ್ದಾನೆ. ಖರೆ ಹುಳ ಒಂದೂ ಒಳಗೆ ಹೋಗದಂತೆ. ತಗಡು ತಿರುಗಲು ಕೆಳಗೆ ಒಂದು ಸೂಜಿ. ನನ್ನದೇ ಸೂಜಿ. ಕಳೆಯಿತೆಂದು ಆಗ ಅವನ ಮೇಲೆಯೇ ಕೂಗಾಡಿದ್ದೆ.

ಬೆಳಕಿನ ಸುತ್ತ ಹಾರಿಯೂ ಸಾಯದ ಹುಳಗಳನ್ನು ಮಾಡಿದ್ದನು ಹುಡುಗ. ನಮ್ಮ ಮನೆಯಲ್ಲಿಯೂ ಹಚ್ಚಬಹುದಾದ ದೀಪ.

ಅಂದು ಅಪ್ಪನಿಗೆ ಅವು— ಎಂದನಲ್ಲ. ನೆಪ ಎಂದುಕೊಂಡೆ.

2 ಜುಲೈ, ಬುಧವಾರ. ಮಧ್ಯಾಹ್ನ 2

ಶುಭಾಂಗಿ ಮುಂಜಾನೆಯ ಗಾಡಿಗೆ ಬಂದಳು. ದೀಪ ಮುಂದಿಟ್ಟೆ. ಹುಡುಗಿ ನೆಲಕ್ಕೇ ಕೂತುಬಿಟ್ಟಳು. ಗೂಡನ್ನು ಎದೆಗೆ ಒತ್ತಿ ಹಿಡಿದು, ಅಪ್ಪಾ ಅಪ್ಪಾ ಎಂದು.

ಹನ್ನೊಂದಕ್ಕೆ ಕಿಟಕಿಗಳಿಗೆ ಕಂಬಳಿ ಹಾಕಿ ಚಿಮಣಿ ಹಚ್ಚಿದೆವು. ತುಸು ಹೊತ್ತು ಏನೂ ಇಲ್ಲ. ಆಮೇಲೆ ತಡವರಿಸಿ ತಿರುಗಿತು. ಗೋಡೆಯ ಮೇಲೆಲ್ಲ ಅವು. ನನ್ನ ಕಣ್ಣೊಳಗಿನವು ಯಾವುವು, ಗೋಡೆಯವು ಯಾವುವು, ತಿಳಿಯಲಿಲ್ಲ. ಕಿವಿಯ ಹತ್ತಿರ ಯಾರೋ ನಕ್ಕಂತೆ. ಹದಿನೈದರ ದನಿ.

"ಹಂಗಾರ ಅಜ್ಜ ಒಡದಿದ್ದಿಲ್ಲ?"

"ಇಲ್ಲ."

"ಮತ್ತ ಅಪ್ಪನ್ನ ಯಾಕ ಹೊಡದಾ? ಯಾರ ಹೇಳಿದ್ರ ಅವಗ?"

"ಬರದ ಕೊಡತೇನವ್ವ" ಎಂದೆ.

ದೀಪ ಸಿಕ್ಕಿತೆಂದು ಮ್ಯೂಸಿಯಂಗೆ ಫೋನ್ ಮಾಡಲು ಶೆಟ್ಟೆಪ್ಪನ ಅಂಗಡಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಬರೆಯಬೇಕು. ಇದು ಕಚ್ಚಾ ಅಲ್ಲ. ಹಾಳೆ ಹರಿದು ಇದನ್ನೇ ಕೊಡುತ್ತೇನೆ.

ಚಿ. ಶುಭಾಂಗಿಗೆ. ಆಶೀರ್ವಾದ ಎಂದು ಬರೆಯಲು ಕೈ ಏಳುತ್ತಿಲ್ಲ. ಪುಸ್ತಕದಲ್ಲಿ ಈ ಎರಡು ಸಾಲು ಹಾಕಿಸು. ಕಾರ್ಡಿನಿಂದ ಅಜ್ಜ ಒಡೆದರೆಂಬುದನ್ನು ತೆಗೆಸು.

ಧನ್ಯಕುಮಾರ ಒಂದು ಹುಳವನ್ನೂ ಸುಟ್ಟಿರಲಿಲ್ಲ. ಸುಟ್ಟನೆಂದು ಪಾಟಿಯ ಮೇಲೆ ಬರೆದವಳು, ಅವನೇ ಕಲಿಸಿದ ಅಕ್ಷರದಲ್ಲಿ ಬರೆದವಳು, ಅವನ ಅಕ್ಕ.