ಹತ್ತು ನಿಮಿಷದ ಬಿಸಿಲು

ಪ್ರೀತಿಯ ಚಿಕ್ಕಮ್ಮ,

ಇವತ್ತು ಬೆಳಿಗ್ಗೆ ಪ್ರಯೋಗಾಲಯ ಗುಡಿಸುವ ಅಕ್ಕ ಪೊರಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕೈಕಟ್ಟಿಕೊಂಡೇ ಕಿಟಕಿಯ ಮುಂದೆ ಹಾದು ಹೋದರು. ನೋಡಿ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಇಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ನೀರಿಗೆ ಬೆರೆಸಿ ದೀಪ ಹಾಕುತ್ತಾರೆ. ಬೆಳಕು ಬಿದ್ದಷ್ಟು ಹೊತ್ತು ಅವು ಪುಟ್ಟ ಅಣುಗಳನ್ನು ಪೋಣಿಸಿ ಪ್ಲಾಸ್ಟಿಕ್ಕಿನಂಥ ಉದ್ದನೆಯ ಸರ ಮಾಡುತ್ತವೆ. ದೀಪ ಆರಿಸಿದರೆ ಅಲ್ಲಿಗೇ ನಿಲ್ಲುತ್ತವೆ. ಅದಕ್ಕೇ ಕಿಟಕಿಗೆ ಯಾವಾಗಲೂ ಕಪ್ಪು ಪರದೆ. ನಿನ್ನೆ ಯಾರೂ ಇಲ್ಲದಾಗ, ವರದಿ ಬರೆಯುವ ಕೆಲಸದ ನಾನು ನಿಮ್ಮ ಕಾಗದ ಓದಲು ಅದನ್ನು ಸರಿಸಿದೆ. ಹತ್ತೇ ನಿಮಿಷ. ಸೀಸೆಯಲ್ಲಿದ್ದ ನೀರು ಬಿಸಿಲಿಗೆ ಗಂಜಿಯಂತೆ ಗಟ್ಟಿಯಾಗಿ, ಈ ಪ್ರಯೋಗ ನಡೆಸುವ ಮೇಡಂ ಅವರ ಒಂದು ವಾರದ ಕೆಲಸ ಹಾಳಾಯಿತು.

"ಧೂಳು ಹೊಡೆಯೋಕೆ ಪರದೆ ತೆಗೆದೆಯಲ್ಲಮ್ಮ?" ಎಂದು ಸಂಜೆ ಮೇಡಂ ಆ ಅಕ್ಕನ ಮೇಲೆ ರೇಗಿದರು.

"ನಾನ್ಯಾಕೆ ತೆಗೀಲಿ ಮೇಡಂ? ಈ ಕತ್ತಲೇಲಿ ಧೂಳೆಲ್ಲಿ ಕಾಣುತ್ತೆ ಹೊಡೆಯೋಕೆ?"

ಮೇಡಂ ನನ್ನತ್ತ ತಿರುಗಿ, "ನಿನ್ನ ಬರವಣಿಗೆ ಚೆನ್ನಾಗಿದೆ. ಇವಳನ್ನ ಕೆಲಸದಿಂದ ತೆಗೀಬೇಕು ಅಂತ ಒಂದು ದೂರು ಬರೆದುಕೊಡು" ಎಂದರು. ತಲೆಯಾಡಿಸಿಬಿಟ್ಟೆ.

ನೆಗಡಿ ಕಡಿಮೆಯಾಗಿದೆ, ಊಟಕ್ಕೆ ತೊಂದರೆಯಿಲ್ಲ. ಇದು ಬರಿ ಅಂಚೆ ಕಾರ್ಡು, ಅಮ್ಮನೂ ಓದುತ್ತಾಳೆ, ಓದಲಿ. ನಿಮ್ಮ ತಪ್ಪೇನೂ ಇಲ್ಲ, ನಿಮ್ಮ ಕಾಗದದಿಂದ ಹೀಗಾಯಿತೆಂದು ಬೇಜಾರು ಮಾಡಿಕೊಳ್ಳಬೇಡಿ.

ಹನ್ನೊಂದಕ್ಕೆ ಮೇಡಂ ಬರುತ್ತಾರೆ. ಅಷ್ಟರೊಳಗೆ ದೂರು ಬರೆದು ಅವರ ಮೇಜಿನ ಮೇಲಿಡುತ್ತೇನೆ. ತಪ್ಪು ಮಾಡಿದವರು ಯಾರು ಎನ್ನುವಲ್ಲಿ ನನ್ನ ಹೆಸರು ಬರೆಯುತ್ತೇನೆ.

ಅವಸರದಲ್ಲಿ,
ನಿಮ್ಮ ಅಕ್ಕನ ಮಗಳು